ಅಳೆಯದ ಬಲಗಡೆ

ಬೆಳಗ್ಗೆ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಟೇಪಕ್ಕ ತನ್ನ ಮೇಜನ್ನು ಅಳೆಯುತ್ತಾಳೆ. ಹನ್ನೆರಡು ವರ್ಷದಿಂದ ಅದೇ ಮೇಜು, ಅದೇ ಉಕ್ಕಿನ ಟೇಪು. ತುದಿಯ ಕೊಕ್ಕೆ ಸಡಿಲವಾದರೆ ಇಡೀ ದಿನದ ಅಳತೆ ಕೆಡುತ್ತದೆ, ಮೇಜು ಅದನ್ನು ಮೊದಲೇ ಹೇಳಿಬಿಡುತ್ತದೆ ಎಂಬುದು ಅವಳ ನಂಬಿಕೆ. ಜ್ವರ ಬಂದ ದಿನವೂ ಬಿಟ್ಟವಳಲ್ಲ.

"ಬೆಳೀತೇನೇ ಮೇಜು?" ಎಂದು ಅಣ್ಣ ಮಂಚದಿಂದಲೇ ಕೇಳುತ್ತಾನೆ.

"ಇಲ್ಲ, ನಿನ್ನ ಹೊಟ್ಟೆ ಬೆಳೆದಿದೆ."

ಹಳೆಯ ಕಾರುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಅವಳ ಕೆಲಸ. ಬರೀ ಚಿತ್ರವಲ್ಲ, ಸುತ್ತಲೂ ತಿರುಗಿಸಿ ನೋಡಬಹುದಾದ, ಬಾಗಿಲು ತೆರೆಯಬಹುದಾದ, ದೀಪದ ಗಾಜಿನ ಗೀರೂ ಕಾಣುವ ಮಾದರಿ. ಕಂಪ್ಯೂಟರ್ ಆಟ ತಯಾರಿಸುವವರು ಕೊಳ್ಳುತ್ತಾರೆ. ಪ್ರತಿ ಮಾದರಿಯ ಕೆಳಗೂ ಅವಳು ಒಂದು ಸಾಲು ಬರೆಯುತ್ತಾಳೆ: "ಎರಡೂ ಕಡೆ ಮುಟ್ಟಿ ಅಳೆದದ್ದು." ಆ ಸಾಲನ್ನು ನಂಬಿಯೇ ಕೆಲಸ ಹುಡುಕಿಕೊಂಡು ಬರುತ್ತಿತ್ತು.

ಅಣ್ಣ ಟಿಂಕರ್. ಜಜ್ಜಿದ ತಗಡನ್ನು ತಟ್ಟಿ ತಟ್ಟಿ ಮತ್ತೆ ಕಾರು ಮಾಡುವವನು. ಅವನು ಕೊನೆಯದಾಗಿ ಕಟ್ಟಿದ್ದು ಒಂದು ಹಾಟ್ ರಾಡ್: ಹಳೇ ಕಾರಿನ ಚಾವಣಿ ಕತ್ತರಿಸಿ ತಗ್ಗಿಸಿ, ಮೈಗೆ ಮೀರಿದ ಎಂಜಿನ್ ಕೂರಿಸಿದ ಗಾಡಿ. ಅದು ಅವನು ಕೆಲಸ ಮಾಡುತ್ತಿದ್ದ ಶೆಡ್ಡಿನಿಂದ ಹೊರಟ ಮರುವಾರವೇ ಅವನಿಗೆ ಲಕ್ವ ಹೊಡೆಯಿತು. ದೇವರು ಮಾತು ಉಳಿಸಿದ, ಬಲಗೈ ಉಳಿಸಲಿಲ್ಲ. "ಹೋಗ್ಲಿ ಬಿಡು, ಆ ಗಾಡಿ ಇದೆಯಲ್ಲ," ಅನ್ನುತ್ತಿದ್ದ.

ಈಗ ಆ ಗಾಡಿ ಗೋಡೆಗೆ ಗುದ್ದಿ, ಬಲಗಡೆಯ ಮುಂದಿನ ಮಡ್‌ಗಾರ್ಡ್ ಮುದ್ದೆಯಾಗಿ ಶೆಡ್ಡಿಗೆ ಮರಳಿತು. ಶೆಡ್ಡಿನ ಯಜಮಾನರಿಗೆ ಟೇಪಕ್ಕ ಮಾಡಿಟ್ಟಿದ್ದ ಅದರ ಮಾದರಿ ನೆನಪಾಯಿತು. ಆ ಅಳತೆಯಲ್ಲಿ ಬಡಗಿಯೊಬ್ಬ ಮರದ ಅಚ್ಚು ಕೊಯ್ದುಕೊಟ್ಟ. ಹೊಸ ಟಿಂಕರ್ ಅಚ್ಚಿನ ಮೇಲೆ ತಗಡು ತಟ್ಟಿದ. ಜೋಡಿಸುವ ದಿನ ಟೇಪಕ್ಕನ ಜೊತೆ ಅಣ್ಣನನ್ನೂ ಕರೆದು ಕುರ್ಚಿ ಹಾಕಿದರು.

ಮಡ್‌ಗಾರ್ಡ್ ಕೂರಲಿಲ್ಲ. ಹೊರಗಡೆಯ ಬೋಲ್ಟು ಹಾಕಿದರೆ ಒಳಗಡೆ ಬೆರಳು ತೂರುವಷ್ಟು ಸಂದು.

ಗಾಡಿಯ ಒಡೆಯರು ನಕ್ಕುಬಿಟ್ಟರು. "ಕಂಪ್ಯೂಟರ್ ಸುಳ್ಳು ಹೇಳುತ್ತಾ? ನಿಮ್ಮಣ್ಣನೇ ಸೊಟ್ಟ ಕಟ್ಟಿರೋದು. ಇಷ್ಟು ದಿನ ನಮಗೆ ಗೊತ್ತಾಗಿರಲಿಲ್ಲ, ಅಷ್ಟೆ."

ಅಣ್ಣ ತೊಡೆಯ ಮೇಲಿದ್ದ ಬಲಗೈಯನ್ನೇ ನೋಡಿದ. "ಆಗಲೇ ಕೆಡ್ತಾ ಇತ್ತೇನೋ ಕೈ. ನೆನಪಿಲ್ಲ."

ಟೇಪಕ್ಕನ ಕಸುಬಿನಲ್ಲಿ ಒಂದು ಸುಲಭದ ದಾರಿಯಿದೆ. ಅರ್ಧ ಕಾರು ಕಟ್ಟಿ ಗುಂಡಿಯೊಂದನ್ನು ಒತ್ತಿದರೆ ಉಳಿದರ್ಧ ಕನ್ನಡಿಯಲ್ಲಿ ಕಂಡಂತೆ ತಾನೇ ಮೂಡುತ್ತದೆ. ಅವಳು ಅಳೆಯಲು ಹೋದ ದಿನ ಆ ಗಾಡಿಯ ಬಲಗಡೆ ಗೋಡೆಗೆ ಒತ್ತಿಕೊಂಡಿತ್ತು. ಚಕ್ರ ಹಾಕಿರಲಿಲ್ಲ, ತಳ್ಳುವಂತಿರಲಿಲ್ಲ. ಅಣ್ಣ ಕಟ್ಟಿದ್ದಲ್ಲವೇ, ಎರಡು ಕಡೆಯೂ ಒಂದೇ ಇರುತ್ತದೆ ಅಂದುಕೊಂಡು ಗುಂಡಿ ಒತ್ತಿದ್ದಳು. ಕೆಳಗೆ ಅದೇ ಸಾಲನ್ನು ಬರೆದಿದ್ದಳು.

ಶೆಡ್ಡಿನಲ್ಲಿ ಅದನ್ನು ಹೇಳದೆಯೇ ಅಣ್ಣನ ತೋಳು ಹಿಡಿದು ಮನೆಗೆ ಕರೆತಂದಳು.

ಎರಡು ದಿನ ಅವನು ಮೇಜಿನ ಸುದ್ದಿ ಕೇಳಲಿಲ್ಲ. ಬೆರಳಿಗೆ ಬಲ ಬರಲೆಂದು ದಿನವೂ ಹಿಚುಕುತ್ತಿದ್ದ ರಬ್ಬರ್ ಚೆಂಡನ್ನು ಕಪಾಟಿನೊಳಗಿಟ್ಟ.

"ಯಾಕಣ್ಣ, ಚೆಂಡು ಬೇಡವಾ?"

"ಗಟ್ಟಿ ಇದ್ದಾಗಲೇ ಸೊಟ್ಟ ಮಾಡಿದ ಕೈ ಕಣೇ. ಈಗ ಗಟ್ಟಿಯಾಗಿ ಏನು ಮಾಡಬೇಕು?"

ಮೂರನೆಯ ದಿನ ಅವಳು ಒಬ್ಬಳೇ ಶೆಡ್ಡಿಗೆ ಹೋದಳು. ಗುಜರಿ ರಾಶಿಯಿಂದ ಹಳೆಯ ಮಡ್‌ಗಾರ್ಡನ್ನು ಎಳೆದು ಮಗುಚಿ ಹಾಕಿದಳು. ಒಳಮೈಯಲ್ಲಿ, ಬಣ್ಣ ಕಿತ್ತ ಕಡೆ, ಮುಂದಿನಿಂದ ಹಿಂದಿನವರೆಗೆ ಬೆರಳಗಲದ ಒಂದು ಪಟ್ಟಿ. ಎರಡು ಅಂಚಿಗೂ ಬೆಸುಗೆ. ಸ್ಟೀರಿಂಗ್ ಪೆಟ್ಟಿಗೆ ಆ ಕಡೆಗಿದೆ. ಅದಕ್ಕೆ ಜಾಗ ಸಾಲದೆ ಅಣ್ಣ ತಗಡು ಸೀಳಿ ಪಟ್ಟಿ ಸೇರಿಸಿದ್ದ. ಹೊರಗಿನಿಂದ ತಡವಿದರೆ ಬೆಸುಗೆಯ ಗುರುತೇ ಸಿಗದಷ್ಟು ನಯವಾಗಿ ಉಜ್ಜಿದ್ದ. ಟೇಪು ಹಿಡಿದಳು. ಗಾಡಿಯಲ್ಲಿ ಉಳಿದ ಸಂದು, ಇಲ್ಲಿಯ ಪಟ್ಟಿ, ಎರಡೂ ಸರಿಸಮ.

ಯಜಮಾನರನ್ನು ಕರೆದು ತೋರಿಸಿದಳು. ಗುಂಡಿ ಒತ್ತಿದ್ದನ್ನೂ ಹೇಳಿದಳು.

ಅವರು ಪಟ್ಟಿಯ ಮೇಲೆ ಹೆಬ್ಬೆರಳು ಓಡಿಸಿದರು. ಆಮೇಲೆ ದನಿ ತಗ್ಗಿಸಿದರು. "ನೋಡಮ್ಮ, ಬಡಗಿ ಅಚ್ಚು ತಪ್ಪು ಕೊಯ್ದ ಅಂತ ನಾನೇ ಹೇಳಿಬಿಡ್ತೀನಿ. ಅವನೇನು ಮತ್ತೆ ಈ ಕಡೆ ಬರೋನಲ್ಲ. ನಿಮ್ಮಣ್ಣನ ಮರ್ಯಾದೆ ಉಳಿಯುತ್ತೆ, ನಿನ್ನ ಹೆಸರೂ ಕೆಡೋಲ್ಲ. ಹಾವೂ ಸಾಯೋಲ್ಲ, ಕೋಲೂ ಮುರಿಯೋಲ್ಲ."

ಆಟದ ಕಂಪನಿಯೊಂದು ಹೊಸದಾಗಿ ಆರು ಕಾರುಗಳ ಕೆಲಸ ಒಪ್ಪಿಸಿತ್ತು. ಈ ಸುದ್ದಿ ಅವರ ಕಿವಿಗೆ ಬಿದ್ದರೆ ಅವಳ ಆ ಸಾಲನ್ನು ಇನ್ನು ಯಾರು ನಂಬುತ್ತಾರೆ? ಕೈಯಲ್ಲಿದ್ದ ಟೇಪನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

"ಬೇಡ ಯಜಮಾನ್ರೇ," ಅಂದಳು. "ಬಡಗಿ ನಾನು ಕೊಟ್ಟಷ್ಟೇ ಕೊಯ್ದಿದ್ದಾನೆ. ಗಾಡಿಯವರಿಗೆ ಫೋನ್ ಮಾಡಿ ಬರ್ಹೇಳಿ. ಅಣ್ಣನನ್ನ ನಾನು ಕರ್ಕೊಂಡು ಬರ್ತೀನಿ. ಅವನ ಎದುರಿಗೇ ಹೇಳ್ಬೇಕು."