ಹುಳ ಕೊರೆದ ಹದಿನೇಳನೇ ತೂತು

ಕಾಲೇಜಿನ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಯಾವುದೋ, ವಿದ್ಯಾರ್ಥಿಗಳು ಇಟ್ಟ ಹೆಸರು ಮಾತ್ರ 'ಮೂವತ್ತೊಂಬತ್ತು'. ಹೊಸದಾಗಿ ಸೇರಿದವರಿಗೆಲ್ಲ ಮೊದಲ ವಾರವೇ ಐವತ್ತು ಅಂಕದ ಗಣಿತ ಪರೀಕ್ಷೆ. ನಲವತ್ತು ಬಂದರೆ ಎರಡನೇ ಮಹಡಿಯಲ್ಲಿ ಡಿಗ್ರಿಯ ಗಣಿತ. ಒಂದೇ ಒಂದು ಕಡಿಮೆಯಾದರೂ ನೆಲಮಾಳಿಗೆಯಲ್ಲಿ 'ಅಡಿಪಾಯ ಗಣಿತ'. ಅಲ್ಲಿ ವರ್ಷವಿಡೀ ಸ್ಕೂಲಿನ ಭಿನ್ನರಾಶಿಯನ್ನೇ ಮತ್ತೆ ತಿದ್ದಬೇಕು. ಆ ವರ್ಷ ಡಿಗ್ರಿಯ ಲೆಕ್ಕಕ್ಕೆ ಸೇರುವುದೂ ಇಲ್ಲ. ಹುಡುಗರು ಅದನ್ನು ಪಾತಾಳ ಎನ್ನುತ್ತಿದ್ದರು. ಇಳಿದವರಲ್ಲಿ ಅರ್ಧಕ್ಕರ್ಧ ಮಂದಿ ಮೇಲೆ ಬರಲೇ ಇಲ್ಲ.

ಯಾರಾದರೂ ಕಿಟಕಿಯ ಬಳಿ ನಿಂತು, "ಸಾರ್, ಒಂದೇ ಮಾರ್ಕು ಸಾರ್" ಎಂದು ಗೋಗರೆದರೆ, ಅವನು ಕನ್ನಡಕದ ಮೇಲಿಂದ ನೋಡಿ, "ಮೂವತ್ತೊಂಬತ್ತು ಅಂದ್ರೆ ಮೂವತ್ತೊಂಬತ್ತೇ. ಮುಂದಿನೋರು ಬನ್ನಿ" ಎನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಜಾತಿ. ಅಳುವ ಮುಖ ಕಂಡ ದಿನ ಅವನಿಗೆ ಊಟ ಚೆನ್ನಾಗಿ ಸೇರುತ್ತಿತ್ತು.

ತಮಾಷೆಯೆಂದರೆ, ಅವನಿಗೇ ಗಣಿತ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಅವನ ಬಳಿ ಒಂದು ರಟ್ಟಿತ್ತು. ಐವತ್ತು ಸಾಲು, ಪ್ರತಿ ಸಾಲಿನಲ್ಲೂ ನಾಲ್ಕು ಉತ್ತರಗಳ ಪೈಕಿ ಸರಿಯಾದದ್ದರ ಜಾಗಕ್ಕೆ ಒಂದು ತೂತು. ಅದನ್ನು ಉತ್ತರಪತ್ರಿಕೆಯ ಮೇಲಿಟ್ಟು, ತೂತಿನಲ್ಲಿ ಪೆನ್ಸಿಲಿನ ಕಪ್ಪು ಕಂಡರೆ ಒಂದು ಅಂಕ, ಬಿಳಿ ಕಂಡರೆ ಕೆಂಪು ಗೀಟು. ಪ್ರಶ್ನೆಗಳು ಇಪ್ಪತ್ತು ವರ್ಷದಿಂದ ಬದಲಾಗಿರಲಿಲ್ಲ. ಪರೀಕ್ಷೆ ಮುಗಿದೊಡನೆ ಪುಸ್ತಿಕೆಗಳನ್ನು ವಾಪಸು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿಯುತ್ತಿದ್ದರು. ಉತ್ತರಪತ್ರಿಕೆಯನ್ನಂತೂ ಯಾರಿಗೂ ತೋರಿಸುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಅವನ ಒಬ್ಬಳೇ ಮಗಳಿಗೂ ಮೂವತ್ತೊಂಬತ್ತು ಬಂತು. ನಿಯಮ ಮುರಿದು ಅವಳ ಉತ್ತರಪತ್ರಿಕೆಯನ್ನು ಮನೆಗೆ ತಂದ. ಕನಿಕರದಿಂದಲ್ಲ, ಹೆಂಡತಿಯ ಮುಂದೆ ಕೆಂಪು ಗೀಟುಗಳನ್ನು ಎಣಿಸಿ ತೋರಿಸಲಿಕ್ಕೆ. ಮಗಳು ಹದಿನೇಳನೆಯದರ ಮೇಲೆ ಬೆರಳಿಟ್ಟಳು. ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಮೂರು ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು? ಅವಳು ಎರಡು ಗಂಟೆ ಎಂದು ಗುರುತು ಹಾಕಿದ್ದಳು.

"ಇದು ಸರಿ ಇದೆ ಅಪ್ಪ."

"ರಟ್ಟು ನಾಲ್ಕೂವರೆ ಅನ್ನುತ್ತೆ."

"ಒಂದೇ ನಲ್ಲಿ ಬಿಟ್ರೆ ಮೂರು ಗಂಟೆ, ಎರಡೂ ಬಿಟ್ರೆ ನಾಲ್ಕೂವರೆನಾ? ಅದು ಹೇಗೆ?"

"ಕಾಲೇಜಿಗಿಂತ ನೀನು ಜಾಣೆ ಏನೇ?" ಎಂದು ಅವಳ ಕೆನ್ನೆಗೆ ಬಾರಿಸಿದ.

"ಸ್ವಂತ ಮಗಳನ್ನೇ ಬಿಡಲಿಲ್ಲ ನಾನು" ಎಂದು ಆಮೇಲೆ ವರ್ಷಗಟ್ಟಲೆ ಆಫೀಸಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡ. ಮಗಳು ಪಾತಾಳದಲ್ಲಿ ನಾಲ್ಕು ತಿಂಗಳು ಕೂತು ಓದಿಗೆ ಎಳ್ಳುನೀರು ಬಿಟ್ಟಳು. ಈಗ ಕಾಲೇಜಿನ ಗೇಟಿನೆದುರೇ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಪಾತಾಳಕ್ಕೆ ಇಳಿಯುವವರು ಗುಮಾಸ್ತನ ಸಹಿಯಿರುವ ಫಾರಮನ್ನು ಎರಡು ಪ್ರತಿ ಮಾಡಿಸಿ ಕೊಡಬೇಕಿತ್ತು. ಆ ಪ್ರತಿಗಳನ್ನು ಮಾಡಿಕೊಡುತ್ತಿದ್ದವಳು ಅವಳೇ.

ಈ ವರ್ಷ ಹೊಸದಾಗಿ ಬಂದ ಗಣಿತದ ಮೇಡಂ ಒಂದು ಕಟ್ಟು ಉತ್ತರಪತ್ರಿಕೆ ತಂದು ಅವನ ಮೇಜಿನ ಮೇಲೆ ಹಾಕಿದರು. "ನಲವತ್ತೆಂಟು ತಗೊಂಡೋರಿಗೂ ಹದಿನೇಳನೇದು ತಪ್ಪು ಅಂತೀರಲ್ಲ, ಏನ್ರೀ ಇದು?"

ಹುಡುಕಿದಾಗ ಡ್ರಾಯರಿನ ತಳದಲ್ಲಿ, ಈಗಿನದಕ್ಕೂ ಮೊದಲಿನ ಹಳೆಯ ರಟ್ಟು ಸಿಕ್ಕಿತು. ಅದು ಹರಿದಾಗ ಗುಮಾಸ್ತನೇ ಟೇಪು ಅಂಟಿಸಿದ್ದ. ಹದಿನೇಳನೇ ಸಾಲಿನ ಅಸಲಿ ತೂತು ಆ ಟೇಪಿನಡಿ ಮುಚ್ಚಿಹೋಗಿತ್ತು. ಪಕ್ಕದಲ್ಲಿ, ನಾಲ್ಕೂವರೆಯ ಜಾಗದಲ್ಲಿ, ಹುಳವೊಂದು ಕೊರೆದ ತೂತಿತ್ತು. ಹದಿನೈದು ವರ್ಷದ ಹಿಂದೆ ಅವನು ಹೊಸ ರಟ್ಟನ್ನು ಅದರ ಅಡಿಗಿಟ್ಟು, ಕಂಡ ತೂತಿಗೆಲ್ಲ ಪೆನ್ಸಿಲು ತೂರಿಸಿ, ಗುರುತಿದ್ದ ಕಡೆಯೆಲ್ಲ ಕೊರೆದಿದ್ದ. ಅಂದಿನಿಂದ ಹುಳ ಹೇಳಿದ್ದೇ ಸರಿಯುತ್ತರ. ರಿಜಿಸ್ಟರು ತೆಗೆದು ನೋಡಿದರೆ, ಮೂವತ್ತೊಂಬತ್ತಕ್ಕೆ ನಿಂತು ಪಾತಾಳಕ್ಕೆ ಹೋದವರು ಇನ್ನೂರ ಹನ್ನೆರಡು ಮಂದಿ.

ವಿಷಯ ತಿಳಿದ ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿ ಬಾಗಿಲು ಹಾಕಿಸಿದರು. "ಹಳೇದನ್ನ ಕೆದಕೋದು ಬೇಡ. ಮುಂದಿನ ವರ್ಷ ಮಷಿನ್ ಬರುತ್ತೆ, ಈ ವರ್ಷ ಹೀಗೇ ಹೋಗ್ಲಿ. ರಟ್ಟು ಕೊರೆದ ಕೈ ನಿಮ್ದು ಕಣ್ರೀ. ಬಾಯಿ ಬಿಟ್ರೆ ಹೋಗೋದು ನಿಮ್ಮ ಪೆನ್ಷನ್ನು." ಗುಮಾಸ್ತನ ನಿವೃತ್ತಿಗೆ ಇನ್ನು ಏಳೇ ತಿಂಗಳಿತ್ತು. ಮೇಡಂ ಮಾತ್ರ ಒಪ್ಪಲಿಲ್ಲ. "ಹದಿನೇಳನೇದು ಸರಿ ಮಾಡಿರೋ ಒಬ್ಬರು, ಒಬ್ಬರೇ ಸಾಕು, ದೂರು ಬರೆದು ಕೊಡ್ಲಿ. ಮುಂದಿಂದು ನಾನು ನೋಡ್ಕೋತೀನಿ" ಎಂದು ಎದ್ದುಹೋದರು.

ಮಧ್ಯಾಹ್ನದ ಊಟಕ್ಕೆ ಅವನು ದಿನಾ ಮಗಳ ಅಂಗಡಿಗೇ ಹೋಗುತ್ತಿದ್ದ. ಡಬ್ಬಿ ಅವಳೇ ತರುತ್ತಿದ್ದಳು. ನಾಲ್ಕು ದಿನ ಹೇಳಬೇಕೆಂದು ಬಾಯಿ ತೆರೆದ, ತುತ್ತು ಹಾಕಿಕೊಂಡು ಮುಚ್ಚಿದ. ಐದನೇ ದಿನ ಎಲ್ಲ ಹೇಳಿದ, ಮೇಡಂ ಅಂದ ಮಾತನ್ನೂ ಸೇರಿಸಿ.

"ಆ ಹದಿನೇಳನೇದು... ನಿನ್ನದೇ ಸರಿ ಇತ್ತಂತೆ."

ಮಗಳು ಮಷಿನ್ನಿಗೆ ಹಾಳೆ ತುಂಬುತ್ತಿದ್ದಳು. "ಇತ್ತಂತೆ ಅಲ್ಲ ಅಪ್ಪ, ಇತ್ತು. ಅವತ್ತೇ ಹೇಳಿದ್ನಲ್ಲ."

"ರಟ್ಟೇ ಹಾಗಿದ್ರೆ ನಾನೇನು ಮಾಡ್ಲಮ್ಮ?"

"ನಲ್ಲಿ ಬಿಟ್ಟು ನೋಡಬಹುದಿತ್ತು."

ಅವಳು ಹಾಳೆಯ ಟ್ರೇಯನ್ನು ಒಳಕ್ಕೆ ತಳ್ಳಿದಳು. ಅವನಿಗೆ ಎದೆ ಹಗುರವಾಯಿತು. ಹೇಳಿಯಾಯಿತಲ್ಲ, ಮುಗಿಯಿತು ಎಂದುಕೊಂಡು ಡಬ್ಬಿಯ ತಳ ಬಳಿದ.

ಆಗ ಒಬ್ಬ ಹುಡುಗಿ ಬಂದು ಫಾರಂ ಚಾಚಿದಳು. ಅತ್ತು ಅವಳ ಮೂಗು ಕೆಂಪಾಗಿತ್ತು. "ಅಕ್ಕಾ, ಎರಡು ಪ್ರತಿ."

ಮಗಳು ಫಾರಂ ನೋಡಿದಳು. ಅಂಕ: ಮೂವತ್ತೊಂಬತ್ತು. ಕೆಳಗೆ ಅಪ್ಪನ ಸಹಿ. ತಾರೀಕು ಇವತ್ತಿನದು. ಅವಳು ಅಪ್ಪನ ಮುಖವನ್ನೂ ನೋಡಿದಳು. ಅವನು ಡಬ್ಬಿಯ ಮುಚ್ಚಳ ಹುಡುಕತೊಡಗಿದ.

"ತೊಟ್ಟಿ, ನಲ್ಲಿ ಲೆಕ್ಕಕ್ಕೆ ಏನು ಬರೆದೆಯಮ್ಮ?"

"ಎರಡು ಗಂಟೆ ಅಂತ. ಯಾಕಕ್ಕಾ?"

ಮಗಳು ಫಾರಮನ್ನು ತಿರುಗಿಸಿ ಹಿಂಬದಿಯಲ್ಲಿ ಆ ಲೆಕ್ಕವನ್ನು ಮೂರು ಸಾಲಿನಲ್ಲಿ ಬಿಡಿಸಿದಳು. ಹನ್ನೆರಡು ವರ್ಷವಾದರೂ ಕೈ ಎಲ್ಲೂ ತಡವರಿಸಲಿಲ್ಲ. ಅದರಡಿ ಒಂದು ಸಾಲು ದೂರು ಬರೆದು ಹುಡುಗಿಯಿಂದ ಸಹಿ ಹಾಕಿಸಿದಳು. "ನಿನ್ನದು ಸರಿ ಇದೆ. ಇದನ್ನ ಗಣಿತದ ಮೇಡಂ ಕೈಗೇ ಕೊಡು. ಬೇರೆ ಯಾರಿಗೂ ಕೊಡಬೇಡ, ಓಡು."

ಹುಡುಗಿ ಓಡಿದಳು. ಗುಮಾಸ್ತ ಎಂಜಲು ಕೈಯಲ್ಲೇ ಎದ್ದ. ಐವತ್ತೊಂಬತ್ತು ವರ್ಷದ ಆ ದೇಹ ರಸ್ತೆ ದಾಟಿ ಓಡಿದ್ದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಮಗಳಿಗಾಗಿ ಅವನು ಹೀಗೆ ಒಂದು ಮಾರು ಓಡಿದ್ದರೂ ಸಾಕಿತ್ತು. ಗೇಟಿನ ಬಳಿ ಹುಡುಗಿಯನ್ನು ಹಿಡಿದು, ಫಾರಂ ಕಿತ್ತುಕೊಂಡು, ಏದುಸಿರಿನಲ್ಲೇ ಹೇಳಿದ: "ಹಿಂದೆ ಗೀಚಿದ ಫಾರಂ ನಡೆಯಲ್ಲ. ಹೊಸದು ಕೊಡ್ತೀನಿ, ಬಾ." ಹಾಳೆಯನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡ. ಹುಡುಗಿ ಅವನ ಹಿಂದೆ ನಡೆದಳು. ಆಫೀಸಿನವರ ಮಾತನ್ನು ಬಿಟ್ಟು ಜೆರಾಕ್ಸ್ ಅಂಗಡಿಯವಳ ಮಾತನ್ನು ಯಾರು ನಂಬುತ್ತಾರೆ?

ಮಗಳು ಅಂಗಡಿಯೊಳಗಿಂದ ಎಲ್ಲ ನೋಡಿದಳು. ಅಪ್ಪನ ಡಬ್ಬಿಯನ್ನು ಎತ್ತಿ, ತೊಳೆಯದೆ, ಬಾಗಿಲ ಹೊರಗೆ ಕಸದ ಬುಟ್ಟಿಗೆ ಹಾಕಿ ಬಂದಳು. ಮತ್ತೊಬ್ಬ ಹುಡುಗ ಅಂಥದೇ ಫಾರಂ ಹಿಡಿದು ನಿಂತಿದ್ದ.

"ತೊಟ್ಟಿ, ನಲ್ಲಿ ಲೆಕ್ಕಕ್ಕೆ ಏನಪ್ಪ ಬರೆದೆ?" ಎಂದು ಅವನನ್ನು ಕೇಳಿದಳು.

"ನಾಲ್ಕೂವರೆ" ಎಂದ ಅವನು.

"ಹಾಗಾದ್ರೆ ಎರಡು ಪ್ರತಿ" ಎಂದು ಅವಳು ಮಷಿನ್ನಿನ ಮುಚ್ಚಳ ಎತ್ತಿದಳು.