ಹೆಸರು ಕೆತ್ತಿದ ಲೋಟ

ಕೊಳ್ಳೇಗಾಲದ ನಮ್ಮ ಬೀದಿಯ ತಿರುವಿನಲ್ಲಿ ಸೈಕಲ್ ರಿಪೇರಿಯ ಸಾಬರಿದ್ದರು. "ಮೊದ್ಲು ನೀರು ಕುಡೀರಿ, ಆಮೇಲೆ ಪಂಚರ್ ನೋಡನ" ಎನ್ನುವುದು ಅವರ ವಾಡಿಕೆ. ಕರ್ಬಲಾದಲ್ಲಿ ಬಾಯಾರಿಯೇ ಹುತಾತ್ಮರಾದ ಇಮಾಮ್ ಹುಸೇನರ ಹೆಸರಿನಲ್ಲಿ ವರ್ಷವಿಡೀ ಅಂಗಡಿ ಮುಂದೆ ಮಣ್ಣಿನ ಗುಡಾಣವಿಡುತ್ತಿದ್ದರು. ಎಣ್ಣೆಗೈಯನ್ನು ಸೋಪು ಹಾಕಿ ತೊಳೆದೇ, ಅಲ್ಲಿದ್ದ ಒಂದೇ ಲೋಟದಲ್ಲಿ ನೀರು ಮೊಗೆದು ಕೊಡುತ್ತಿದ್ದರು. ಬೆಟ್ಟಕ್ಕೆ ನಡೆದು ಹೋಗುವ ಮಾದಪ್ಪನ ಭಕ್ತರೂ ಅಲ್ಲೇ ಕುಡಿಯುತ್ತಿದ್ದರು.

ಒಂದು ಬೆಳಿಗ್ಗೆ ಬೀದಿ ಗುಡಿಸುವ ಹೆಂಗಸು ಅದೇ ಲೋಟದಲ್ಲಿ ಕುಡಿದದ್ದನ್ನು ನನ್ನ ದೊಡ್ಡಪ್ಪ ಕಂಡರು. ಸಂಜೆಗೆ, ಅಂಚಿನಲ್ಲಿ ತಮ್ಮ ಹೆಸರು ಕೆತ್ತಿಸಿದ ಸ್ಟೀಲ್ ಲೋಟ ತಂದು, "ಇದು ನಮ್ಮೋರ್ಗೆ ಬ್ಯಾರೆ ಇರ್ಲಿ ಸಾಬ್ರೆ" ಅಂದರು. ಸಾಬರು ತಲೆ ತಗ್ಗಿಸಿ ತೆಗೆದುಕೊಂಡರು. ನನಗೆ ಮೈ ಉರಿಯಿತು. ದೊಡ್ಡಪ್ಪನಿಗಿಂತ ಹೆಚ್ಚಾಗಿ ಸಾಬರ ಆ ತಗ್ಗಿದ ತಲೆಯ ಮೇಲೆ ಸಿಟ್ಟು ಬಂತು.

ಮರುದಿನ ದೊಡ್ಡಪ್ಪ ಬರುವುದನ್ನೇ ಕಾದಿದ್ದು, ಸಾಬರು ಆ ಲೋಟ ತುಂಬಿ, ಎರಡೂ ಕೈಯಲ್ಲಿ ಹಿಡಿದು ಗುಡಿಸುವವಳಿಗೆ ಕೊಟ್ಟರು.

"ಉಸೇನ್ ಸಾಹೇಬ್ರಿಗೆ ನೀರ್ ಸಿಗ್ದಂಗೆ ಹೊಳೆಗೇ ಕಾವ್ಲು ಆಕಿದ್ರು ಸಾ. ನನ್ ಗುಡಾಣಕ್ಕೆ ನೀವು ಆಕ್ಬ್ಯಾಡಿ."

ದೊಡ್ಡಪ್ಪ ಲೋಟ ವಾಪಸು ಕೇಳಲಿಲ್ಲ. ಅಂದಿನಿಂದ ದಾರಿಹೋಕರೆಲ್ಲ ಅವರ ಹೆಸರಿಗೇ ತುಟಿಯಿಟ್ಟು ಕುಡಿದರು.