ಎಂಬತ್ತೇಳನೇ ಪುಟದ ಸಾಲು

ಧರ್ಮಪ್ರಾಂತ್ಯದ ಅಚ್ಚುಮನೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಹೆಂಗಸಿಗೆ ಅಲ್ಲಿಯವರೆಲ್ಲ ಒತ್ತಕ್ಷರದಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವಳಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಮದುವೆಯ ಗೊಡವೆಗೆ ಹೋಗದೆ, ಗಂಡ ತೀರಿಕೊಂಡ ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಅಚ್ಚುಮನೆಗೆ ಬಂದು ಕಿಟಕಿಯ ಪಕ್ಕದ ಮೇಜಿಗೆ ಕೂತರೆ, ಕೆಂಪು ಪೆನ್ನಿನ ಮುಂದೆ ಸಂತರು ಸಾಲುಗಟ್ಟಿ ನಿಲ್ಲುತ್ತಿದ್ದರು.

ಸಂತರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಅವರ ಚರಿತ್ರೆ ಬರೆಯುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಆ ಪುಸ್ತಕಗಳಲ್ಲಿ ಶುಕ್ರವಾರ ಉಪವಾಸವೆಂದು ಹಾಲು ಬೇಡವೆನ್ನುವ ಹಸುಗೂಸುಗಳಿದ್ದವು. ಹೊಟ್ಟೆನೋವಿಗೂ ಮುಗುಳ್ನಗುವ ಕನ್ಯೆಯರಿದ್ದರು. ಸತ್ತ ಮೇಲೆ ಎಲ್ಲರಿಂದಲೂ ಗುಲಾಬಿಯ ಕಂಪು ಬರುತ್ತಿತ್ತು. ಬದುಕಿದ್ದಾಗ ಒಬ್ಬರಿಗೂ ಬೆವರು ಬರುತ್ತಿರಲಿಲ್ಲ.

ಮನೆಯಲ್ಲಿ ತಂಗಿ ಅದೇ ಪುಸ್ತಕಗಳನ್ನು ಓದಿ ಕರವಸ್ತ್ರ ಒದ್ದೆ ಮಾಡಿಕೊಳ್ಳುತ್ತಿದ್ದಳು. "ಎಷ್ಟು ಚೆನ್ನಾಗಿ ಬರೆದಿದ್ದಾರೆ ಕಣೇ ಅಕ್ಕ!"

"ಬರೆದಿದ್ದಾರೆ, ಬರೆದಿದ್ದಾರೆ. ಪಾಕಕ್ಕೆ ಅದ್ದಿ ತೆಗೆದಿದ್ದಾರೆ. ಇರುವೆ ಹತ್ತದ ಹಾಗೆ ಎತ್ತಿಡು."

ಹಾಗೆಂದು ಅವಳು ಭಕ್ತಿಯ ಪುಸ್ತಕ ಓದದವಳಲ್ಲ. ದೇವರೊಂದಿಗೆ ಜಗಳವಾಡಿದವರ ಪತ್ರಗಳು, ಜಪ ಮಾಡುವಾಗ ನಿದ್ದೆ ಬರುತ್ತದೆಂದು ಒಪ್ಪಿಕೊಂಡ ಮುದಿ ಸನ್ಯಾಸಿಯೊಬ್ಬನ ದಿನಚರಿ, ಇಂಥ ಏಳೆಂಟು ಪುಸ್ತಕಗಳು ಹೊದಿಕೆ ಹರಿಯುವಷ್ಟು ಅವಳ ಕೈಯಲ್ಲಿ ಸವೆದಿದ್ದವು. ಕಪಾಟಿನಲ್ಲಿ ಅವುಗಳ ಕೆಳಗಿನ ಎರಡು ಅಂಕಣದ ತುಂಬ ಪತ್ತೇದಾರಿ ಕಾದಂಬರಿಗಳಿದ್ದವು. ಮೇಲಿನದು ಆತ್ಮಕ್ಕೆ, ಕೆಳಗಿನದು ಬೆನ್ನುನೋವಿಗೆ ಎನ್ನುತ್ತಿದ್ದಳು.

ಮದರ್ ಪರಿಚಯವಾದದ್ದು ಈ ಕೆಳಗಿನ ಅಂಕಣದಿಂದಲೇ. ಕನ್ಯಾಮಠದ ಆಸ್ಪತ್ರೆಯನ್ನು ನಡೆಸುತ್ತಿದ್ದ ಆ ಗಟ್ಟಿ ಗಂಟಲಿನ ಹಿರಿಯ ಸಿಸ್ಟರ್, ಒಮ್ಮೆ ಔಷಧಿ ಚೀಟಿ ಅಚ್ಚು ಹಾಕಿಸಲು ಬಂದವರು, ಕರಡಿನ ಕಟ್ಟಿನಡಿಯಿಂದ ಇಣುಕುತ್ತಿದ್ದ ಕಾದಂಬರಿಯನ್ನು ಸರಕ್ಕನೆ ಎಳೆದರು. ಒತ್ತಕ್ಷರದಮ್ಮ ಬೈಸಿಕೊಳ್ಳಲು ಎದ್ದು ನಿಂತಳು.

"ಇದನ್ನ ಓದಿ ಆಯ್ತಾ?" ಮದರ್ ಕೇಳಿದರು.

"ಇನ್ನೂ ನಲವತ್ತು ಪುಟ ಇದೆ ಮದರ್."

"ಬೇಗ ಮುಗಿಸು. ಶನಿವಾರ ಬಂದು ತಗೊಂಡು ಹೋಗ್ತೀನಿ."

ಅಂದಿನಿಂದ ಹತ್ತೊಂಬತ್ತು ವರ್ಷ, ತಿಂಗಳಿಗೆ ಎರಡು ಪುಸ್ತಕ ಆ ಕಡೆ ಹೋಗಿ ಈ ಕಡೆ ಬಂದವು. ಕೊಲೆಗಾರ ಯಾರೆಂಬ ಊಹೆಯನ್ನು ಮದರ್ ಮೂವತ್ತನೇ ಪುಟದೊಳಗೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ತಪ್ಪಾದರೆ ಕೊನೆಯ ಪುಟದಲ್ಲಿ 'ದಡ್ಡಿ ನಾನು' ಎಂಬ ಷರಾ. ಇಂಥದ್ದನ್ನೇಕೆ ಓದುತ್ತೀರೆಂದು ಒತ್ತಕ್ಷರದಮ್ಮ ಒಮ್ಮೆ ಕೇಳಿದ್ದಳು.

"ಬೆಳಿಗ್ಗೆಯಿಂದ ಎಲ್ಲರ ತಪ್ಪನ್ನೂ ಕ್ಷಮಿಸಿ ಕ್ಷಮಿಸಿ ಸಾಕಾಗಿರುತ್ತೆ ಮಗಳೇ. ಸಂಜೆ ಹೊತ್ತಿಗೆ ಒಬ್ಬನಾದ್ರೂ ಸಿಕ್ಕಿಬೀಳಲಿ."

ಆ ಮದರ್ ಎಂಬತ್ತೊಂದಕ್ಕೆ ತೀರಿಕೊಂಡರು. ಮೂರೇ ತಿಂಗಳಲ್ಲಿ ಅಚ್ಚುಮನೆಯ ನಿರ್ದೇಶಕರಾದ ಫಾದರ್ ಇನ್ನೂರ ಹನ್ನೆರಡು ಪುಟದ ಜೀವನಚರಿತ್ರೆ ಬರೆದು ಮುಗಿಸಿದರು. ಮದರ್ ಜೊತೆ ಫಾದರ್ ಹತ್ತು ಮಾತಾಡಿದ್ದರೆ ಹೆಚ್ಚು, ಆ ಹತ್ತರಲ್ಲೂ ಎಂಟು ಮದರ್ ಬೈದದ್ದು. ಆದರೆ ಫಾದರಿಗೆ ಗೊತ್ತಿಲ್ಲದ ವಿಷಯದ ಮೇಲೆ ಬರೆಯುವುದೇ ಸಲೀಸು, ಅಡ್ಡ ಬರಲು ಅಲ್ಲಿ ಏನೂ ಇರುವುದಿಲ್ಲ. ಕರಡಿನಲ್ಲಿ ಮದರ್ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ತಲೆ ಎತ್ತಿ ನಡೆಯುತ್ತಿರಲಿಲ್ಲ. ಒತ್ತಕ್ಷರದಮ್ಮ ಹಲ್ಲು ಕಚ್ಚಿಕೊಂಡು ದೀರ್ಘ, ಹ್ರಸ್ವ ತಿದ್ದುತ್ತಾ ಎಂಬತ್ತೇಳನೇ ಪುಟಕ್ಕೆ ಬಂದಳು.

'ಪವಿತ್ರ ಗ್ರಂಥವನ್ನು ಬಿಟ್ಟು ಅನ್ಯ ಪುಸ್ತಕವನ್ನು ಆ ಪುಣ್ಯಾತ್ಮರು ಜೀವಮಾನದಲ್ಲಿ ಕೈಯಿಂದಲೂ ಮುಟ್ಟಲಿಲ್ಲ.'

ಪೆನ್ನು ಕೆಳಗಿಟ್ಟಳು. ಮರುದಿನ ಪೆನ್ಸಿಲ್ ಗುರುತಿದ್ದ ನಾಲ್ಕು ಕಾದಂಬರಿಗಳನ್ನು ಚೀಲಕ್ಕೆ ತುರುಕಿಕೊಂಡು ಫಾದರ್ ಕೋಣೆಗೆ ಹೋದಳು.

"ಈ ಸಾಲು ಸುಳ್ಳು, ಫಾದರ್. ಅವರ ಅಕ್ಷರ ಇಲ್ಲೇ ಇದೆ, ನೋಡಿ."

ಫಾದರ್ ಒಂದನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಎತ್ತಿದರು. ಹೊದಿಕೆಯ ಮೇಲೆ ರಕ್ತ ಹತ್ತಿದ ಚಾಕು ಇತ್ತು.

"ಇದನ್ನೆಲ್ಲ ಹೇಳಿದ್ರೆ ಓದುಗರ ಭಕ್ತಿಗೆ ಧಕ್ಕೆ ಆಗುತ್ತೆ."

"ಸುಳ್ಳು ಹೇಳಿದ್ರೆ ಆಗಲ್ವಾ?"

"ನೋಡೀಮ್ಮ, ನಿಮ್ಮ ಕೆಲಸ ತಪ್ಪು ತಿದ್ದೋದು. ಅಷ್ಟು ಮಾಡಿ ಸಾಕು."

ಅಪ್ಪಣೆ ಸಿಕ್ಕಿತಲ್ಲ! ಒತ್ತಕ್ಷರದಮ್ಮ ಅಷ್ಟೇ ಮಾಡಿದಳು. ಕೊನೆಯ ಕರಡಿನಲ್ಲಿ ಆ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ ದುಂಡಗೆ ಬೇರೊಂದು ಬರೆದಳು. ಅಕ್ಷರ ಜೋಡಿಸುವ ಕಂಪ್ಯೂಟರಿನ ಹುಡುಗಿ ಅದನ್ನು ಹಾಗೆಯೇ ಒತ್ತಿದಳು. ಫಾದರ್ ತಮ್ಮ ಪುಸ್ತಕದ ಕೊನೆಯ ಕರಡನ್ನು ಓದುವವರೇ ಅಲ್ಲ, ಮುಖಪುಟದ ತಮ್ಮ ಹೆಸರನ್ನು ನೋಡಿ ಸಹಿ ಹಾಕುವವರು.

ಪುಸ್ತಕದ ಬಿಡುಗಡೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ನಡೆಯಿತು. ಧರ್ಮಾಧ್ಯಕ್ಷರು ನಡುವೆ ಕೂತಿದ್ದರು, ಮುಂದಿನ ಎರಡು ಸಾಲಿನ ತುಂಬ ಸಿಸ್ಟರುಗಳು. ಫಾದರ್ ಗಂಟಲು ಸರಿಮಾಡಿಕೊಂಡು, ಅಳು ಬರುವ ಹದಕ್ಕೆ ದನಿ ಇಳಿಸಿಕೊಂಡು, 'ಮದರ್ ಅವರ ತ್ಯಾಗ' ಎಂಬ ಅಧ್ಯಾಯವನ್ನೇ ಆರಿಸಿ ಓದತೊಡಗಿದರು. ತಮ್ಮ ದನಿಗೆ ತಾವೇ ಮರುಳಾದವರಿಗೆ ಅರ್ಥದ ಹಂಗು ಎಲ್ಲಿಂದ ಬರಬೇಕು? ಕಣ್ಣರ್ಧ ಮುಚ್ಚಿ, ಒಂದೊಂದೇ ಪದ ಎಳೆದೆಳೆದು ಓದಿದರು:

"ಪವಿತ್ರ ಗ್ರಂಥದ ನಂತರ ಅವರು ಅತಿಯಾಗಿ ಪ್ರೀತಿಸಿದ್ದು ಪತ್ತೇದಾರಿ ಕಾದಂಬರಿಗಳನ್ನು. ಮೂವತ್ತನೇ ಪುಟದೊಳಗೇ ಕೊಲೆಗಾರನನ್ನು ಹಿಡಿಯುತ್ತಿದ್ದರು. ತಪ್ಪಿದರೆ ತಮ್ಮನ್ನೇ ದಡ್ಡಿ ಎಂದು ಬೈದುಕೊಳ್ಳುತ್ತಿದ್ದರು."

'ಬೈದುಕೊಳ್ಳುತ್ತಿದ್ದರು' ಎಂಬಲ್ಲಿ ಅವರು ಕರವಸ್ತ್ರ ತೆಗೆದರು. ಮೊದಲು ಕಣ್ಣೊರೆಸಲು, ಆಮೇಲೆ ಓದಿದ್ದೇನೆಂದು ಹೊಳೆದು ಬೆವರೊರೆಸಲು.

ಮುಂದಿನ ಸಾಲಿನ ಒಬ್ಬ ಮುದಿ ಸಿಸ್ಟರ್ ಮೊದಲು ಕಿಸಕ್ಕೆಂದರು. ಹಿಂದಿನಿಂದ ಆಸ್ಪತ್ರೆಯ ಆಯಾ ಎದ್ದು ನಿಂತು, "ನಿಜ ಫಾದರ್! ನನಗೂ ಓದಿ ಹೇಳ್ತಿದ್ರು, ಕೊನೆ ಮಾತ್ರ ಹೇಳ್ತಿರ್ಲಿಲ್ಲ, ಕೇಳಿದ್ರೆ ಕೈಗೇ ಸಿಗ್ತಿರ್ಲಿಲ್ಲ" ಎಂದು ಕೂಗಿದಳು. ಅಲ್ಲಿಗೆ ಕಟ್ಟೆಯೊಡೆಯಿತು. ಧರ್ಮಾಧ್ಯಕ್ಷರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮದರ್ ತೀರಿಕೊಂಡ ಮೇಲೆ ಆ ಊರಿನವರು ಅವರ ನೆನಪಿಗೆ ಮನಸಾರೆ ನಕ್ಕದ್ದು, ಅತ್ತದ್ದು ಅಂದೇ ಮೊದಲು. ಕೊನೆಯ ಸಾಲಿನಲ್ಲಿ ಒತ್ತಕ್ಷರದಮ್ಮ ಮಾತ್ರ ಪುಸ್ತಕ ಬಿಡಿಸಿಕೊಂಡು, ಆ ಪುಟದಲ್ಲಿ ಅಚ್ಚಿನ ತಪ್ಪಿದೆಯೇ ಎಂದು ನೋಡುತ್ತಿದ್ದಳು. ಇರಲಿಲ್ಲ.

ಮರುದಿನ ಕರೆ ಬಂತು.

"ಆ ಸಾಲು ಬರೆದಿದ್ದು ಯಾರು?"

"ನಾನೇ ಫಾದರ್. ತಪ್ಪು ತಿದ್ದಿ ಅಂದ್ರಲ್ಲ."

ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ವಿಶ್ರಾಂತಿಯ ಅಗತ್ಯವಿದೆ ಎಂದು ಅವಳನ್ನು ಮನೆಗೆ ಕಳಿಸಿದರು. ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರವೂ ಬಂತು, ಅದರಲ್ಲಿ 'ನಿಷ್ಠೆ'ಯ ಬದಲು 'ನಿಷ್ಟೆ' ಎಂದಿತ್ತು. ತಂಗಿ ಅದನ್ನು ಗೋಡೆಗೆ ತೂಗುಹಾಕಲು ಹೊರಟಾಗ, "ಹಾಕು, ಹಾಕು, ಮುಖ ಗೋಡೆ ಕಡೆ ಮಾಡಿ ಹಾಕು" ಎಂದಳು. ಆದರೂ ಮೊದಲ ವಾರ ಬೆಳಿಗ್ಗೆ ಕೈಗೆ ಕೆಲಸವಿಲ್ಲದೆ ಅವಳಿಗೆ ಅಳು ಬಂದಿತ್ತು. ತಂಗಿಗೆ ಕಾಣದ ಹಾಗೆ ಅಡುಗೆಮನೆಯಲ್ಲಿ ಅತ್ತು, ಮುಖ ತೊಳೆದು ಹೊರಬಂದಿದ್ದಳು.

ಇತ್ತ ಪುಸ್ತಕ ಎರಡೇ ತಿಂಗಳಲ್ಲಿ ಖಾಲಿಯಾಯಿತು. ಎಲ್ಲರೂ ಅಂಗಡಿಯಲ್ಲಿ ನಿಂತೇ ಎಂಬತ್ತೇಳನೇ ಪುಟ ಬಿಡಿಸುತ್ತಿದ್ದರು. ಫಾದರಿಗೆ ಗಾಳಿ ಬೀಸುವ ದಿಕ್ಕು ತಿಳಿಯಲು ತಡವಾಗಲಿಲ್ಲ. ಎರಡನೇ ಮುದ್ರಣಕ್ಕೆ 'ಮದರ್ ಅವರ ಬಿಡುವಿನ ಓದು' ಎಂಬ ಹೊಸ ಅಧ್ಯಾಯ ಸೇರಿತು. ಪತ್ತೇದಾರಿ ಕಾದಂಬರಿಗೂ ಪಾಪಪ್ರಜ್ಞೆಗೂ ಇರುವ ಸಂಬಂಧದ ಮೇಲೆ ಹನ್ನೊಂದು ಪುಟ. ಮುನ್ನುಡಿಯಲ್ಲಿ 'ಲೇಖಕರ ದೀರ್ಘ ಸಂಶೋಧನೆಯಿಂದ ಬೆಳಕಿಗೆ ಬಂದ ಸಂಗತಿ' ಎಂದಿತ್ತು.

ಒಂದು ಸಂಜೆ ಕಂಪ್ಯೂಟರಿನ ಹುಡುಗಿ ಮನೆ ಬಾಗಿಲಿಗೆ ಬಂದು ಹಲ್ಲು ಕಿರಿಯುತ್ತಾ ನಿಂತಳು.

"ಅಮ್ಮ, ಆಸ್ಪತ್ರೆಯಲ್ಲಿ ಮದರ್ ಸಾಮಾನು ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರಂತೆ. ಅವರು ಗುರುತು ಹಾಕಿದ ಪುಸ್ತಕ ಒಂದಾದ್ರೂ ಬೇಕಂತೆ ಫಾದರಿಗೆ."

"ನನ್ನ ಹೆಸರು ಹೇಳಿದ್ರಾ?"

"ಇಲ್ಲ. ಎಲ್ಲಾದ್ರೂ ಹುಡುಕಿ ತಾ ಅಂದ್ರು."

ಒತ್ತಕ್ಷರದಮ್ಮ ಕೆಳಗಿನ ಅಂಕಣದ ಮುಂದೆ ಮಂಡಿಯೂರಿ ಕೂತು ಒಂದೊಂದನ್ನೇ ತೆಗೆದು ನೋಡಿದಳು. ಕೊನೆಗೆ ಒಂದು ಸಿಕ್ಕಿತು. ಅದರ ಇಪ್ಪತ್ತಾರನೇ ಪುಟದಲ್ಲಿ, ಉದ್ದುದ್ದ ಮಾತಾಡುವ ಪಾದ್ರಿಯೊಬ್ಬ ಕಥೆಯೊಳಗೆ ಬರುವ ಕಡೆ, ಮದರ್ ಬರೆದಿದ್ದರು: 'ಥೇಟ್ ನಮ್ಮ ಅಚ್ಚುಮನೆಯ ಫಾದರ್. ಇವನೇ ಕೊಲೆಗಾರನಾದರೆ ಎಷ್ಟು ಚೆನ್ನ! ಆಗಲಾರ, ಅಷ್ಟು ಬುದ್ಧಿ ಇಲ್ಲ.'

ಅದನ್ನೇ ಕಾಗದದಲ್ಲಿ ನೀಟಾಗಿ ಸುತ್ತಿ ಕೊಟ್ಟಳು.

ಈಗ ಅದು ಆಸ್ಪತ್ರೆಯ ಮುಂಬಾಗಿಲಲ್ಲಿ, ಗಾಜಿನ ಕೆಳಗೆ, ಓದಿದ ಗುರುತಿಗೆ ಮದರ್ ಸಹಿ ಹಾಕಿದ್ದ ಮೊದಲ ಪುಟ ಕಾಣುವಂತೆ ತೆರೆದುಕೊಂಡಿದೆ. ಫಾದರ್ ಬಂದವರಿಗೆಲ್ಲ ಅದನ್ನು ತೋರಿಸಿ ತಮ್ಮ ಸಂಶೋಧನೆಯ ಕಥೆ ಹೇಳುತ್ತಾರೆ. ಪುಟ ತಿರುವಿ ನೋಡುವ ಅಭ್ಯಾಸ ಅವರಿಗೆ ಇನ್ನೂ ಬಂದಿಲ್ಲ. ಒತ್ತಕ್ಷರದಮ್ಮ ರಕ್ತದೊತ್ತಡ ತೋರಿಸಲು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಾಳೆ, ಸರದಿ ಬರುವವರೆಗೂ ಆ ಪೆಟ್ಟಿಗೆಯ ಪಕ್ಕದ ಬೆಂಚಿನಲ್ಲೇ ಕೂರುತ್ತಾಳೆ. ಅಲ್ಲಿ ಕೂತ ದಿನ ಒತ್ತಡ ಸರಿಯಾಗಿರುತ್ತದೆಂದು ನರ್ಸ್ ಹೇಳುತ್ತಾಳೆ.